ಮೀನೂ ಮೇಲೆ ಹೋಗಲಿಲ್ಲ, ಫೈಲೂ ಮೇಲೆ ಹೋಗಲಿಲ್ಲ

ನಮ್ಮ ಸರಕಾರಕ್ಕೆ ಮೀನಿನ ಮೇಲೆ ಮಮತೆ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವರ್ಷವರ್ಷವೂ ಜೂನ್ 1ರಿಂದ ಜುಲೈ 31ರವರೆಗೆ, ಎಣಿಸಿ 61 ದಿನ, ಪಶ್ಚಿಮ ಕರಾವಳಿಯ ಮೀನಿಗೆ ಸರಕಾರಿ ಬಾಣಂತನ ನಡೆಯುತ್ತದೆ. ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲರು, ಪರ್ಸೀನ್ ಬೋಟುಗಳು ಸಾಲುಗಟ್ಟಿ ನಿಲ್ಲುತ್ತವೆ. ಬಲೆಗಳು ದಡಕ್ಕೆ ಬಂದು ರಿಪೇರಿಗೆ ಬೀಳುತ್ತವೆ. ಮೀನು ನಿಶ್ಚಿಂತೆಯಿಂದ ಮೊಟ್ಟೆ ಇಡಲಿ ಎಂದು ಕಾಯ್ದೆಯೇ ಹೇಳುತ್ತದೆ. ಅರ್ಜಿ, ವೈದ್ಯಕೀಯ ಪ್ರಮಾಣಪತ್ರ, ಮೇಲಧಿಕಾರಿಯ ಷರಾ ಯಾವುದೂ ಇಲ್ಲದೆ ಹೆರಿಗೆ ರಜೆ ಮಂಜೂರಾಗುವುದು ಈ ರಾಜ್ಯದಲ್ಲಿ ಮೀನಿಗೆ ಮಾತ್ರ.

ತೊಂದರೆ ಇರುವುದು ವಿಳಾಸದಲ್ಲಿ. ಈ ಮಮತೆಯೆಲ್ಲ ಕಡಲಿನ ಖಾಯಂ ನಿವಾಸಿಗಳಿಗೆ. ಒಂದು ಕಾಲು ಕಡಲಲ್ಲಿ, ಒಂದು ಕಾಲು ಹೊಳೆಯಲ್ಲಿ ಇಟ್ಟುಕೊಂಡ ಮೀನುಗಳಿವೆಯಲ್ಲ, ಅವುಗಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಮೀನಿಗೆ ಕಾಲೆಲ್ಲಿ ಎಂದು ಕೇಳಬೇಡಿ. ಸರಕಾರಿ ಕಾಗದದಲ್ಲಿ ಅದಕ್ಕಿಂತ ದೊಡ್ಡ ಪವಾಡಗಳು ನಡೆದಿವೆ.

ಕಾರವಾರದ ದೇವಬಾಗಕ್ಕೆ ಬಂದು ನಿಂತರೆ ಈ ವಿಳಾಸದ ಗೊಂದಲ ಕಣ್ಣಿಗೇ ಕಾಣುತ್ತದೆ. ಗಾಳಿಮರಗಳ ತೋಪಿನ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಕಾಳಿ ಹೊಳೆ. ಎದುರಿಗೆ ಸದಾಶಿವಗಡದ ಗುಡ್ಡ. ಪ್ರವಾಸಿಗಳು ಸಂಗಮದ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅವರ ಕಾಲ ಬುಡದಲ್ಲೇ, ಉಬ್ಬರದ ನೀರಿನೊಂದಿಗೆ, ಬೆರಳುದ್ದದ ಗಾಜಿನ ಎಳೆಯಂಥ ಹಾವುಮೀನಿನ ಮರಿ ಕಡಲಿನಿಂದ ಹೊಳೆಯ ಕಡೆ ತಿರುಗುತ್ತದೆ. ಪಾಪ, ಅದಕ್ಕೆ ಗೊತ್ತಿಲ್ಲ: ಆ ಒಂದು ತಿರುವಿನಲ್ಲಿ ಅದು ಉಪ್ಪುನೀರಿನಿಂದ ಸಿಹಿನೀರಿಗೆ ಬಂದದ್ದಷ್ಟೇ ಅಲ್ಲ, ಒಂದು ಇಲಾಖೆಯ ವ್ಯಾಪ್ತಿಯಿಂದ ತಪ್ಪಿಸಿಕೊಂಡು ಯಾವ ಇಲಾಖೆಗೂ ಸೇರದ ಜಾಗಕ್ಕೆ ಬಂದಿದೆ.

ಈ ಹಾವುಮೀನು ವಿಚಿತ್ರ ಪ್ರಾಣಿ. ಹುಟ್ಟುವುದು ಆಳ ಸಮುದ್ರದಲ್ಲಿ, ಬೆಳೆಯುವುದು ಹೊಳೆ ಹಳ್ಳಗಳಲ್ಲಿ. ವರ್ಷಗಟ್ಟಲೆ ಕಲ್ಲಿನ ಸಂದಿಯಲ್ಲಿ ಸಂಸಾರವಿಲ್ಲದೆ ಬದುಕಿ, ಮೈ ತುಂಬಿದ ಮೇಲೆ ಮತ್ತೆ ಕಡಲಿಗೆ ಇಳಿದು, ಒಮ್ಮೆ ಮೊಟ್ಟೆ ಇಟ್ಟು ಪ್ರಾಣ ಬಿಡುತ್ತದೆ. ಚೊಣಕ ಎಂಬ ಮೀನು ಇನ್ನೂ ಪೇಚಿನದು. ಬಾಲ್ಯಕ್ಕೆ ಸಿಹಿನೀರು, ಸವುಳು ನೀರು ಎರಡೂ ಆಗುತ್ತದೆ. ಮೊಟ್ಟೆ ಇಡಲು ಅಳಿವೆಯ ಉಪ್ಪೇ ಬೇಕು. ಅದು ಸಾಲದೆಂದು ಮೊದಲು ಗಂಡಾಗಿದ್ದು, ವಯಸ್ಸಾದ ಮೇಲೆ ಹೆಣ್ಣಾಗುತ್ತದೆ. ಇಂಥ ಮೀನಿಗೆ ಯಾವ ಅರ್ಜಿ ನಮೂನೆ ತುಂಬಿಸುವುದು ಎಂದು ಗುಮಾಸ್ತರು ತಲೆ ಕೆರೆದುಕೊಂಡರೆ ತಪ್ಪು ಅವರದಲ್ಲ. ಹೊಳೆಯ ದೊಡ್ಡ ಸೀಗಡಿಯ ದಾರಿ ತಿರುಗುಮುರುಗು: ಬದುಕು ಸಿಹಿನೀರಿನಲ್ಲಿ, ಮರಿ ಮಾಡಲು ಅಳಿವೆಗೆ ಇಳಿಯಬೇಕು, ಮರಿಗಳು ತಾವಾಗಿಯೇ ಹೊಳೆ ಹತ್ತಿ ವಾಪಸು ಬರಬೇಕು. ಇವು ಯಾವುದಕ್ಕೂ ಹೊಳೆ ಎಂದರೆ ನೀರಿನ ಸಂಗ್ರಹವಲ್ಲ, ಹೋಗಿಬರುವ ದಾರಿ. ನಾವು ದಾರಿಗೆ ಗೋಡೆ ಕಟ್ಟಿ, ಗೋಡೆಯ ಹಿಂದೆ ನಿಂತ ನೀರಿಗೆ ಪೂಜೆ ಮಾಡಿ ಬಾಗಿನ ಬಿಡುತ್ತೇವೆ.

ಮೀನು ಅಣೆಕಟ್ಟು ಹತ್ತಲೆಂದು ಕಾಳಿಗೆ ಮೀನೇಣಿ ಕಟ್ಟಿಲ್ಲ ಎಂದು ಗೊಣಗುವವರು ನಕ್ಷೆ ನೋಡಿಲ್ಲ. ಇಡೀ ಕಾಳಿಯೇ ಒಂದು ಏಣಿ. ಕಡವಾಡ, ಹಣಕೋಣ, ಮಲ್ಲಾಪುರ ದಾಟಿ ಹೋದರೆ ಮೊದಲ ಮೆಟ್ಟಿಲು ಕದ್ರಾ. ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದರೆ ಜಲಾಶಯದ ಗರಿಷ್ಠ ಮಟ್ಟ 34.5 ಮೀಟರ್. ಎರಡನೆಯದು ಕೊಡಸಳ್ಳಿ, 75.5 ಮೀಟರ್. ಮೂರನೆಯದು ಬೊಮ್ಮನಹಳ್ಳಿ, ಸುಮಾರು 438 ಮೀಟರ್. ಕೊನೆಯದು ಗಣೇಶಗುಡಿಯ ಸೂಪಾ, 564 ಮೀಟರ್. ಅಲ್ಲಿನ ಗೋಡೆಯೊಂದೇ 101 ಮೀಟರ್ ಎತ್ತರ. ಏಣಿಯಂತೂ ಭದ್ರವಾಗಿದೆ. ಮೆಟ್ಟಿಲುಗಳ ನಡುವೆ ಕೊಂಚ ಅಂತರ ಜಾಸ್ತಿಯಾಗಿದೆ, ಅಷ್ಟೆ. ಮೀನು ಹಾರಲು ಕಲಿಯದಿರುವುದು ಮೀನಿನ ಸೋಮಾರಿತನ.

ಮೆಟ್ಟಿಲು ಹತ್ತುವವರಿಗೆ ಬಿಸಿನೀರಿನ ಏರ್ಪಾಡೂ ಇದೆ. ಕದ್ರಾ ಜಲಾಶಯದ ಅಂಚಿನಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರ. 220 ಮೆಗಾವಾಟ್‌ನ ನಾಲ್ಕು ಘಟಕ. ಯಂತ್ರ ತಂಪಾಗಿಸಲು ನೀರು ಎತ್ತುವುದು ಜಲಾಶಯದಿಂದ, ಬೆಚ್ಚಗಾದ ನೀರನ್ನು ಬಿಡುವುದೂ ಅದಕ್ಕೇ. ಸ್ನಾನಕ್ಕೆ ಬಿಸಿನೀರು ಸಿದ್ಧ. ಸ್ನಾನಕ್ಕೆ ಬರಬೇಕಾದ ಅತಿಥಿ ಮಾತ್ರ ಗೋಡೆಯ ಆಚೆ.

ಈ ಮಾತು ಎತ್ತಿದಾಗಲೆಲ್ಲ ಒಬ್ಬ ಬುದ್ಧಿವಂತ ಎದ್ದು ನಿಲ್ಲುತ್ತಾನೆ. ‘ಅಲ್ಲಾ ಮಾರಾಯ್ರೆ, ಅಣೆಕಟ್ಟು ಇಲ್ಲದಿದ್ದರೂ ಮೀನು ಘಟ್ಟ ಹತ್ತುತ್ತಿತ್ತೇ? ದೇವರೇ ಕಟ್ಟಿದ ಗೋಡೆ ಅದು!’ ಮಾತಿನಲ್ಲಿ ಅರ್ಧ ಸತ್ಯವಿದೆ. ಚೊಣಕ ಸೂಪಾಕ್ಕೆ ಹೋಗಿ ಸಂಸಾರ ಹೂಡುತ್ತಿರಲಿಲ್ಲ, ನಿಜ. ಆದರೆ ದೇವರು ಗೋಡೆ ಕಟ್ಟಿದ್ದು ಘಟ್ಟದಲ್ಲಿ. ನಾವು ಕಟ್ಟಿದ್ದು ಘಟ್ಟದ ಬುಡದಲ್ಲಿ, ಬಯಲಿನ ಹೊಳೆ ಮುಗಿಯುವ ಮೊದಲೇ. ಹಾವುಮೀನಿನ ಮರಿಯಂತೂ ಒದ್ದೆಯಾದ ಒರಟು ಬಂಡೆಯನ್ನೂ ಮೈ ಅಂಟಿಸಿ ಹತ್ತುವ ಜಾತಿ. ದೇವರ ಗೋಡೆಯಲ್ಲಿ ಸಂದಿ, ಪಾಚಿ, ಝರಿ ಇರುತ್ತವೆ. ಗುತ್ತಿಗೆದಾರರ ಗೋಡೆ ನುಣ್ಣಗಿರುತ್ತದೆ. ಕಾಮಗಾರಿಯ ಗುಣಮಟ್ಟ ಇಡೀ ರಾಜ್ಯದಲ್ಲಿ ಅಲ್ಲೊಂದೇ ಕಡೆ ಚೆನ್ನಾಗಿತ್ತು ಎಂಬುದು ಹಾವುಮೀನಿನ ದುರದೃಷ್ಟ.

ಮಳೆಗಾಲದಲ್ಲಿ ಗೇಟು ತೆರೆಯುತ್ತಾರಲ್ಲ ಎನ್ನುವವರೂ ಇದ್ದಾರೆ. ತೆರೆಯುತ್ತಾರೆ. 2019ರ ಆಗಸ್ಟಿನಲ್ಲಿ ಕದ್ರಾದ ಗೇಟುಗಳನ್ನು ತೆರೆದಾಗ ಕೆಳಗಿನ ಊರುಗಳ ಮನೆಯೊಳಗೇ ಹೊಳೆ ಬಂದಿತ್ತು. ಮನುಷ್ಯರೇ ಪಾತ್ರೆ ಪಗಡ ಬಿಟ್ಟು ಓಡಿದ ಆ ನೀರಿಗೆ ಎದುರಾಗಿ ಬೆರಳುದ್ದದ ಮರಿ ಈಜಿ ಮೇಲೆ ಹೋಗಬೇಕು ಎಂಬುದು ಅವರ ನಿರೀಕ್ಷೆ. ಇಂಥ ಆಶಾವಾದಿಗಳನ್ನು ದೈಹಿಕ ಪರೀಕ್ಷೆಗೆ ತೀರ್ಪುಗಾರರನ್ನಾಗಿ ಕಳಿಸಬೇಕು.

ಗೋಡೆಯ ಕೆಳಗಿನ ಕತೆ ಇನ್ನೂ ಸ್ವಾರಸ್ಯದ್ದು. ಬೆಂಗಳೂರಿನಲ್ಲಿ ಸಂಜೆ ದೀಪ ಹತ್ತಿ, ಟಿವಿ ಹಾಡಿ, ಏಸಿ ಗುಯ್‌ಗುಟ್ಟಿದರೆ ಟರ್ಬೈನು ತಿರುಗಬೇಕು. ಟರ್ಬೈನು ತಿರುಗಿದರೆ ಸಿಹಿನೀರು ಕೆಳಗೆ ಹರಿಯಬೇಕು. ಬೇಸಿಗೆಯಲ್ಲಿ ಉಪ್ಪಾಗಿರಬೇಕಿದ್ದ ಅಳಿವೆ ಹೀಗೆ ಚಪ್ಪೆಯಾಗುತ್ತದೆ. ಉಪ್ಪು ಬೇಡುವ ಬಳಚು, ಕಲಗದಂಥ ಚಿಪ್ಪುಮೀನುಗಳು ಕಣ್ಮರೆಯಾಗುತ್ತವೆ. ಅಣೆಕಟ್ಟು ಹೊತ್ತ ಕಾಳಿ, ಶರಾವತಿಯ ಅಳಿವೆಗಳು ಈ ವಿಷಯದಲ್ಲಿ ಸೊರಗಿವೆ, ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆ ಚಿಪ್ಪುಮೀನಿನಿಂದ ತುಂಬಿದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಜಿಲ್ಲೆಯ ಅಳಿವೆಗಳನ್ನು ಅಳೆದು ಬರೆದಿದ್ದಾರೆ. ಬರೆದದ್ದನ್ನು ಓದಬೇಕಾದವರು ಅಘನಾಶಿನಿಗೂ ಏನು ಮಾಡಬಹುದು ಎಂದು ಯೋಚಿಸುತ್ತಿದ್ದಾರೆ.

ಮೀನು ಮಾರುವ ಅಕ್ಕನಿಗೆ ಆ ವರದಿ ಓದುವ ಅಗತ್ಯವೇ ಇಲ್ಲ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿಯ ಮುಂದೆ ಕೂತು, ಕಲ್ಲಿನ ಮೇಲೆ ಕತ್ತಿ ಮಸೆಯುತ್ತಿದ್ದವಳನ್ನು ಗಿರಾಕಿಯೊಬ್ಬ ಕೇಳಿದ:

‘ಅಕ್ಕಾ, ಚೊಣಕ ಕಾಳೀದಾ?’

‘ನಿಂಗೆ ಕಾಳೀದೇ ಬೇಕಾ ತಮಾ?’

‘ಹೊಳೆ ಮೀನಿಗೆ ರುಚಿ ಹೆಚ್ಚಲ್ದಾ?’

‘ಹಂಗಾರೆ ಕಾಳೀದೇ ಇದು. ಬೆಳಿಗ್ಗೆ ಸಮುದ್ರದ್ದಾಗಿತ್ತು.’

ಸುತ್ತಲಿನವರು ನಕ್ಕರು. ಗಿರಾಕಿ ದುಡ್ಡು ಕೊಟ್ಟ. ಕಾಳಿಯ ಸ್ಥಿತಿಗತಿ ಕುರಿತ ಇಷ್ಟು ಸಂಕ್ಷಿಪ್ತ ವರದಿಯನ್ನು ಈವರೆಗೆ ಯಾವ ಸಮಿತಿಯೂ ಕೊಟ್ಟಿಲ್ಲ, ಅದೂ ಪ್ರಯಾಣ ಭತ್ಯೆ ಇಲ್ಲದೆ.

ಕಾಳಿಯದು ಕರೆಂಟಿನ ಕತೆ. ಕುಡಿಯುವ ನೀರಿನ ಕತೆ ಬೇರೆ ಹೊಳೆಯದು. ಕಾರವಾರ ಕೂತಿರುವುದು ಕಾಳಿಯ ದಂಡೆಯಲ್ಲಿ, ಕುಡಿಯುವುದು ಗಂಗಾವಳಿಯನ್ನು! ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯಲ್ಲಿ ಗಂಗಾವಳಿಯ ನೀರನ್ನು ಎತ್ತಿ ಅಂಕೋಲೆಗೆ, ಕಾರವಾರಕ್ಕೆ, ನೌಕಾನೆಲೆಗೆ ಪೈಪಿನಲ್ಲಿ ಕಳಿಸುತ್ತಾರೆ. ಮನೆ ಬಾಗಿಲಲ್ಲಿ ಸಿಹಿನೀರು ಸಮುದ್ರ ಸೇರುತ್ತಿರುವಾಗ ಪಕ್ಕದ ತಾಲ್ಲೂಕಿನಿಂದ ಕೊಳವೆಯಲ್ಲಿ ನೀರು ತರಿಸಿಕೊಳ್ಳುವ ವೈಭವ ಎಲ್ಲ ಊರಿಗೂ ಒಲಿಯುವುದಿಲ್ಲ.

ಗಂಗಾವಳಿಯ ಕಷ್ಟ ಕಾಳಿಗೆ ಉಲ್ಟಾ. ಮಾರ್ಚ್ ದಾಟಿ ಹರಿವು ಸಣ್ಣಗಾಯಿತೆಂದರೆ ಮಂಜಗುಣಿಯ ಅಳಿವೆಯಿಂದ ಉಬ್ಬರದ ಉಪ್ಪುನೀರು ಮೇಲೆ ಮೇಲೆ ಬರುತ್ತದೆ. ಪಂಪಿನ ಬಾಯಿಗೆ ಉಪ್ಪು ಬಂದರೆ ಎರಡು ಊರಿನ ನಲ್ಲಿಗೂ ಬಂದಂತೆ. ಹಾಗಾಗಿ ಹೊಳೆಗೊಂದು ಕಿಂಡಿ ಅಣೆಕಟ್ಟು ಬೇಕು ಎಂಬ ಮಾತು ಏಳುತ್ತದೆ. ದಂಡೆಯ ಊರುಗಳ ಗದ್ದೆ ತೋಟ ಮುಳುಗಿದರೆ ಎಂಬ ಪ್ರಶ್ನೆಯೂ ಏಳುತ್ತದೆ. ಇಷ್ಟು ಹೊತ್ತಿಗೆ ವೇದಿಕೆಯ ಮೇಲಿನ ಒಬ್ಬರು ಎದ್ದು, ಮೈಕು ಸರಿಪಡಿಸಿಕೊಂಡು, ಎರಡೇ ಶಬ್ದ ಹೇಳುತ್ತಾರೆ: ‘ಕುಡಿಯುವ ನೀರು!’

ಆ ಎರಡು ಶಬ್ದಕ್ಕಿರುವ ಶಕ್ತಿ ದೊಡ್ಡದು. ಅದನ್ನು ಉಚ್ಚರಿಸಿದ ಕೂಡಲೇ ಗದ್ದೆಯ ಪ್ರಶ್ನೆ ಮುಳುಗುತ್ತದೆ, ತೋಟದ ಪ್ರಶ್ನೆ ಮುಳುಗುತ್ತದೆ, ಮೀನಿನ ಪ್ರಶ್ನೆ ತಳ ಸೇರುತ್ತದೆ. ಬಾಯಾರಿದವರ ಎದುರು ಮೀನಿನ ಸುದ್ದಿ ಎತ್ತುವವನು ದೇಶದ್ರೋಹಿಯಲ್ಲದಿದ್ದರೂ ತಾಲ್ಲೂಕುದ್ರೋಹಿಯಾಗಿಯಾದರೂ ಕಾಣುತ್ತಾನೆ. ನೀರು ಬೇಡ ಎಂದು ಹೇಳುವ ಮೂರ್ಖ ಇಲ್ಲಿ ಯಾರೂ ಇಲ್ಲ. ಮೀನು ತಿಂದವನಿಗೆ ಉಳಿದವರಿಗಿಂತ ಒಂದು ಚೊಂಬು ನೀರು ಹೆಚ್ಚೇ ಬೇಕು. ಕೇಳುತ್ತಿರುವುದು ಬೇರೆ: ನೀರಿಗೆ ಕಟ್ಟುವ ಗೋಡೆಯಲ್ಲಿ ಮೀನಿಗೊಂದು ಬಾಗಿಲು ಇಟ್ಟರೆ ನಲ್ಲಿಯಲ್ಲಿ ಎಷ್ಟು ಬಿಂದಿಗೆ ಕಡಿಮೆಯಾಗುತ್ತದೆ? ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಹಾಕಿದರೆ ಉತ್ತರ ತೀರಾ ಸಣ್ಣದು ಬಂದುಬಿಡುವ ಅಪಾಯವಿದೆ.

ದಕ್ಷಿಣಕ್ಕೆ ಹೋದರೆ ಈ ಗೋಡೆಗಳ ಹಿರಿಯಣ್ಣಂದಿರು ಸಿಗುತ್ತಾರೆ. ಮಂಗಳೂರಿಗೆ ನೀರು ಕೊಡುವ ನೇತ್ರಾವತಿಯ ತುಂಬೆ, ಉಡುಪಿಗೆ ನೀರು ಕೊಡುವ ಸ್ವರ್ಣೆಯ ಬಜೆ. ಏಪ್ರಿಲ್ ಬಂತೆಂದರೆ ತುಂಬೆಯ ನೀರಿನ ಮಟ್ಟ ಪತ್ರಿಕೆಗಳಲ್ಲಿ ಚಿನ್ನದ ದರದ ಜೊತೆ ಪೈಪೋಟಿಗೆ ಬೀಳುತ್ತದೆ. 2016, 2019, 2023ರ ಬೇಸಿಗೆಗಳಲ್ಲಿ ಮಂಗಳೂರು ಪಾಳಿಯಲ್ಲಿ ನೀರು ಕುಡಿದದ್ದು ಯಾರಿಗೂ ಮರೆತಿಲ್ಲ. ಅಂಥ ದಿನಗಳಲ್ಲಿ ಅಣೆಕಟ್ಟಿನ ಮೇಲೆ ಎಷ್ಟು ಮೀಟರ್ ಎಂದು ಇಡೀ ಊರಿಗೆ ಗೊತ್ತು. ಕೆಳಗೆ ಎಷ್ಟು ಹರಿಯುತ್ತಿದೆ ಎಂದು ಕೇಳಿ ನೋಡಿ. ‘ಕೆಳಗೆ ಯಾಕೆ ಹರಿಯಬೇಕು?’ ಎಂದು ತಿರುಗಿ ಕೇಳುತ್ತಾರೆ. ಹೊಳೆಯನ್ನು ಟಾಕಿ ಎಂದು ತಿಳಿದವರಿಗೆ ಸೋರುವುದೇ ದೋಷ.

ಈಗ ಈ ಗೋಡೆಗಳ ಸಂತಾನ ಬೆಳೆಯುತ್ತಿದೆ. ‘ಪಶ್ಚಿಮ ವಾಹಿನಿ’ ಎಂಬ ಯೋಜನೆಯಲ್ಲಿ ಮೂರು ಕರಾವಳಿ ಜಿಲ್ಲೆಗಳಿಗೆ 1,300ಕ್ಕೂ ಹೆಚ್ಚು ಕಿಂಡಿ ಅಣೆಕಟ್ಟು ಎಂದು ಲೆಕ್ಕ ಹಾಕಲಾಗಿತ್ತು. ಹೊಳೆ ಹಳ್ಳಗಳ ಉದ್ದ ನೋಡಿದರೆ ಮೀನಿಗಿಂತ ಕಿಂಡಿಯೇ ಹೆಚ್ಚಾದೀತು. ಕಿಂಡಿ ಅಣೆಕಟ್ಟು ಕೆಟ್ಟದ್ದೆಂದಲ್ಲ. ದೊಡ್ಡ ಅಣೆಕಟ್ಟಿನ ಎದುರು ಅದು ಸಾಧುಪ್ರಾಣಿ. ಮಳೆ ಇಳಿದ ಮೇಲೆ, ನವೆಂಬರ್–ಡಿಸೆಂಬರ್ ಹೊತ್ತಿಗೆ ಕಂಬಗಳ ನಡುವೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ನೀರು ನಿಲ್ಲಿಸುತ್ತಾರೆ. ಮುಂಗಾರಿನ ಮುಂಚೆ ಹಲಗೆ ಎತ್ತಬೇಕು. ಎತ್ತಿದರೆ ಹೊಳೆ ಮತ್ತೆ ಹೊಳೆ.

ಆದರೆ ‘ಎತ್ತಬೇಕು’ ಮತ್ತು ‘ಎತ್ತಿದರು’ ಎಂಬೆರಡರ ನಡುವೆ ಒಂದು ಪಂಚಾಯ್ತಿ, ಒಬ್ಬ ಗುತ್ತಿಗೆದಾರ, ಒಂದು ಬಾಕಿ ಬಿಲ್ಲು ಇರುತ್ತವೆ. ಮೊದಲ ಮಳೆಗೆ ಹೊಳೆ ಕೆಂಪಾಗಿ ಏರುವಾಗ, ಮೀನು ಹತ್ತಲು ಹೊರಡುವ ಅದೇ ವಾರದಲ್ಲಿ, ಹಲಗೆ ಇನ್ನೂ ತನ್ನ ಜಾಗದಲ್ಲೇ ಕೂತಿರುತ್ತದೆ. ಹಲಗೆ ಎತ್ತಿದರೂ ಅಡಿಗಲ್ಲಿನ ಕಾಂಕ್ರೀಟು ಹಾಸು ಬಾಕಿ. ಅದರ ಕೆಳ ಅಂಚನ್ನು ನೀರು ಕೊರೆದು ಕೊರೆದು ಗುಂಡಿ ಮಾಡಿರುತ್ತದೆ. ಹಾಸಿನ ಮೇಲೆ ಬೆರಳು ಮುಳುಗದಷ್ಟು ತೆಳ್ಳಗೆ ನೀರು, ಅಂಚಿನಲ್ಲಿ ಎರಡು ಮೂರು ಅಡಿ ಧುಮುಕು. ಎಂಜಿನಿಯರರ ಕಣ್ಣಿಗೆ ಅದು ಏನೂ ಅಲ್ಲ. ಗೇಣುದ್ದದ ಮೀನಿಗೆ ಅದೇ ಸೂಪಾ. ಗುಂಡಿಯಲ್ಲಿ ಮೀನುಗಳು ಗುಂಪುಗೂಡಿ ಎಗರಿ ಎಗರಿ ಬೀಳುವುದನ್ನು ನೋಡಿ ಊರಿನ ಹುಡುಗರು ಬಲೆ ತರುತ್ತಾರೆ. ಆ ಸಂಜೆ ಎಲ್ಲರ ಮನೆಯಲ್ಲೂ ಹುಳಿ ಹಾಕಿದ ಸಾರು. ಮೊಟ್ಟೆಯ ಮೀನು ಬಹಳ ರುಚಿ ಎಂದು ನಾಲಗೆ ಚಪ್ಪರಿಸುತ್ತೇವೆ. ಮರುವರ್ಷ ಹೊಳೆಯಲ್ಲಿ ಮೀನಿಲ್ಲ, ಎಲ್ಲ ಕಲಿಗಾಲ ಎನ್ನುತ್ತೇವೆ.

ಈ ಬಗ್ಗೆ ಒಂದು ಅರ್ಜಿ ಹಾಕಿದರೆ ಏನಾಗುತ್ತದೆ? ಅನುಭವಿಗಳಿಗೆ ಊಹೆ ಕಷ್ಟವಲ್ಲ. ನೀರು ಸರಬರಾಜಿನವರು ಹೇಳುತ್ತಾರೆ: ‘ನಮ್ಮದು ನೀರು ಮಾತ್ರ. ನೀರೊಳಗಿನದು ಮೀನುಗಾರಿಕೆ ಇಲಾಖೆಗೆ ಸಂಬಂಧಿಸಿದ್ದು.’ ಮೀನುಗಾರಿಕೆಯವರು ಹೇಳುತ್ತಾರೆ: ‘ಮೀನು ನಮ್ಮದೇ, ಗೋಡೆ ನಮ್ಮದಲ್ಲ. ಸಣ್ಣ ನೀರಾವರಿಗೆ ಬರೆಯಿರಿ.’ ಸಣ್ಣ ನೀರಾವರಿಯವರು ದರಪಟ್ಟಿ ತಿರುವಿ ಹಾಕುತ್ತಾರೆ. ಸಿಮೆಂಟಿಗೆ ದರವಿದೆ, ಜಲ್ಲಿಗೆ ದರವಿದೆ, ಶಿಲಾನ್ಯಾಸದ ಕಲ್ಲಿಗೂ ದಾರಿಯಿದೆ. ಮೀನಿನ ದಾರಿಗೆ ದರವಿಲ್ಲ. ದರವಿಲ್ಲದ್ದು ಅಂದಾಜುಪಟ್ಟಿಯಲ್ಲಿ ಬರುವುದಿಲ್ಲ, ಅಂದಾಜುಪಟ್ಟಿಯಲ್ಲಿ ಬಾರದ್ದು ಲೋಕದಲ್ಲೇ ಇಲ್ಲ. ಅರಣ್ಯದವರು ಕೇಳುತ್ತಾರೆ: ‘ಸದರಿ ಮೀನು ಅರಣ್ಯದ ಗಡಿಯೊಳಗೆ ವಾಸವಾಗಿರುವುದಕ್ಕೆ ದಾಖಲೆ ಇದೆಯೇ?’ ಕೊನೆಗೆ ಎಲ್ಲರೂ ಸೇರಿ ಜಂಟಿ ಸ್ಥಳ ಪರಿಶೀಲನೆಗೆ ದಿನಾಂಕ ಗೊತ್ತು ಮಾಡುತ್ತಾರೆ. ಆ ದಿನ ಸ್ಥಳದಲ್ಲಿ ಊಟದ ವ್ಯವಸ್ಥೆ ಇರುತ್ತದೆ. ಮೀನಿನ ಊಟ.

ಹಾಗೆಂದು ಸರಕಾರ ಮೀನನ್ನು ಅಣೆಕಟ್ಟು ಹತ್ತಿಸುವುದೇ ಇಲ್ಲ ಎನ್ನಬೇಡಿ. ಖಂಡಿತ ಹತ್ತಿಸುತ್ತದೆ, ಜೀಪಿನಲ್ಲಿ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬಲಿತ ಬಿತ್ತನೆ ಮರಿಗಳು ಜಲಾಶಯಕ್ಕೆ ಬರುತ್ತವೆ. ಜನಪ್ರತಿನಿಧಿಗಳು ಪ್ಯಾಂಟಿನ ತುದಿ ಒದ್ದೆಯಾಗದಂತೆ ಬಗ್ಗಿ ಚೀಲ ಬಿಚ್ಚುತ್ತಾರೆ, ಕ್ಯಾಮೆರಾ ಮಿನುಗುತ್ತದೆ. ಮರಿಗಳು ಯಾವುವು? ಕಾಟ್ಲಾ, ರೋಹು, ಮೃಗಾಲ್. ಮೂಲತಃ ಗಂಗೆಯ ಬಯಲಿನವು. ಸ್ಥಳೀಯರಿಗೆ ಗೋಡೆ, ಹೊರಗಿನವರಿಗೆ ಸರಕಾರಿ ವಾಹನ! ಕನ್ನಡಿಗರಿಗೆ ಮೀಸಲಾತಿ ಕೇಳುವ ಸಂಘಟನೆಗಳ ಗಮನಕ್ಕೆ ಈ ವಿಷಯ ಹೇಗೆ ತಪ್ಪಿತೋ ತಿಳಿಯದು. ದಾಂಡೇಲಿಯ ಕಡೆ ಕಾಳಿಯಲ್ಲೇ ಹುಟ್ಟಿ ಬೆಳೆದ ಮಹಶೀರ್ ಮಳೆಗಾಲದಲ್ಲಿ ಮೊಟ್ಟೆ ಇಡಲು ಹರಿವಿನ ಎದುರು ಈಜುವ ಮೀನು. ಅದಕ್ಕೂ ಮೇಲೆ ಕೆಳಗೆ ಗೋಡೆ. ದೇವಸ್ಥಾನದ ಮಡುವಿನಲ್ಲಿದ್ದರೆ ನಾವು ಅದಕ್ಕೆ ಮಂಡಕ್ಕಿ ಹಾಕಿ ಕೈಮುಗಿಯುತ್ತೇವೆ. ಮಡುವಿನಿಂದ ಆಚೆ ಹೊರಟರೆ ಅದರ ದೇವತ್ವ ರದ್ದು.

ಇನ್ನು ಹೊರದೇಶ. ಸ್ಕಾಟ್ಲೆಂಡಿನ ಪಿಟ್ಲಾಖ್ರಿ ಎಂಬಲ್ಲಿ 1951ರ ಹೊತ್ತಿಗೆ ಅಣೆಕಟ್ಟು ಮುಗಿಸಿದಾಗಲೇ ಪಕ್ಕದಲ್ಲಿ 34 ತೊಟ್ಟಿಗಳ, 310 ಮೀಟರ್ ಉದ್ದದ ಮೀನೇಣಿ ಕಟ್ಟಿದರು. ಸಾಲ್ಮನ್ ಮೀನು ತೊಟ್ಟಿಯಿಂದ ತೊಟ್ಟಿಗೆ ಹತ್ತಿ ಮೇಲೆ ಹೋಗುತ್ತದೆ. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತಿದೆ. ಯಾಕೆಂದರೆ ಇದನ್ನು ಓದಿದ ಯಾರಿಗಾದರೂ ಅಧ್ಯಯನ ಪ್ರವಾಸದ ಯೋಚನೆ ಹೊಳೆದರೆ, ಮೀನು ಏಣಿ ಹತ್ತುವುದನ್ನು ನೋಡಲು ಹನ್ನೆರಡು ಮಂದಿ ವಿಮಾನ ಹತ್ತುತ್ತಾರೆ. ಹಿಂತಿರುಗಿ ಬಂದು ಅದೇ ನಕ್ಷೆಯನ್ನು ಗಂಗಾವಳಿಗೆ ಅಂಟಿಸುತ್ತಾರೆ.

ಅಂಟಿಸಿದರೆ ಏನಾಗುತ್ತದೆ ಎಂದು ಥಾಯ್ಲೆಂಡಿನವರು ಈಗಾಗಲೇ ಖರ್ಚು ಮಾಡಿ ತೋರಿಸಿದ್ದಾರೆ. ಮೆಕಾಂಗ್‌ನ ಉಪನದಿ ಮುನ್‌ಗೆ 1994ರಲ್ಲಿ ವಿಶ್ವ ಬ್ಯಾಂಕಿನ ನೆರವಿನಲ್ಲಿ ಪಾಕ್ ಮುನ್ ಅಣೆಕಟ್ಟು ಕಟ್ಟಿ, ಜೊತೆಗೆ ಮೀನೇಣಿಯನ್ನೂ ಇಟ್ಟರು. ಎಗರುವ ಸಾಲ್ಮನ್ ಅಲ್ಲಿ ಇರಲಿಲ್ಲ. ಅಲ್ಲಿನ ಮೀನುಗಳು ಏಣಿಯನ್ನು ಗುರುತಿಸಲೂ ಇಲ್ಲ. ಮೀನುಗಾರರು ವರ್ಷಗಟ್ಟಲೆ ಧರಣಿ ಕೂತ ಮೇಲೆ 2001ರಲ್ಲಿ ಗೇಟುಗಳನ್ನೇ ಎತ್ತಿ ನೋಡಿದರು. ಮೀನು ಬಂತು. ನಮ್ಮ ದೇಶದ್ದೇ ಬೇಕೆಂದರೆ ಫರಕ್ಕಾ ಇದೆ: 1975ರಲ್ಲಿ ಬ್ಯಾರೇಜು ಬಂದ ಮೇಲೆ, ಅಲಹಾಬಾದಿನವರೆಗೆ ಗಂಗೆ ಹತ್ತುತ್ತಿದ್ದ ಹಿಲ್ಸಾ ಮೀನು ಅಲ್ಲಿನ ಬಲೆಗಳಿಂದ ಮಾಯವಾಯಿತು. ಏಣಿ ಇಟ್ಟರಷ್ಟೇ ಸಾಲದು, ಹತ್ತುವವನ ಕಾಲಿನ ಅಳತೆ ತೆಗೆದುಕೊಳ್ಳಬೇಕು ಎಂಬುದು ಇದರ ಪಾಠ. ನಮ್ಮಲ್ಲಿ ಅಳತೆ ತೆಗೆದುಕೊಳ್ಳುವುದು ಶಾಮಿಯಾನಕ್ಕೆ ಮಾತ್ರ.

ಹಾಗಾದರೆ ಮಾಡುವುದೇನು? ನಗಬೇಡಿ, ಕೆಲಸ ಸಣ್ಣದು. ಕದ್ರಾದ ಗೋಡೆಗೆ ಈಗ ಏಣಿ ಚಾಚುವುದು ದುಬಾರಿ ಬಾಬತ್ತು. ಅಲ್ಲಿ ನೀರು ಬಿಡುವ ಹೊತ್ತು, ಪ್ರಮಾಣವನ್ನಾದರೂ ಅಳಿವೆಯ ಜೀವಿಗಳು ತಾಳಿಕೊಳ್ಳುವಂತೆ ಹೊಂದಿಸಬಹುದು. ಆದರೆ ಕುಡಿಯುವ ನೀರಿಗೆಂದು ನಾಳೆ ಕಟ್ಟುವ ಕಿಂಡಿ ಅಣೆಕಟ್ಟಿಗೆ ನಿನ್ನೆಯ ನೆಪ ಇಲ್ಲ. ಗೋಡೆಯ ಒಂದು ಪಕ್ಕಕ್ಕೆ ಹೊಳೆಗಲ್ಲುಗಳನ್ನೇ ಹಾಸಿ, ಸಣ್ಣ ಇಳಿಜಾರಿನ ಒರಟು ಕಾಲುವೆ ಮಾಡಿದರೆ ಎಗರಲಾರದ ಮೀನೂ ಕಲ್ಲಿನ ಮರೆಯಲ್ಲಿ ನಿಂತು ನಿಂತು ಹತ್ತುತ್ತದೆ. ಹಾವುಮೀನಿನ ಮರಿಗೆ ಅಷ್ಟೂ ಬೇಡ: ಓರೆಯಾಗಿ ಇಟ್ಟ ಹಲಗೆಯ ಮೇಲೆ ಬ್ರಷ್ಷಿನ ಬಿರುಗೂದಲು ನೆಟ್ಟು, ಮೇಲಿಂದ ಸಣ್ಣಗೆ ನೀರು ಬಿಟ್ಟರೆ ಕೂದಲ ನಡುವೆ ತೆವಳಿ ಮೇಲೆ ಹೋಗುತ್ತದೆ. ಯುರೋಪಿನಲ್ಲಿ, ನ್ಯೂಜಿಲೆಂಡಿನಲ್ಲಿ ಇದು ಹೊಸ ವಿದ್ಯೆಯೇ ಅಲ್ಲ. ಪಂಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಮರಿಗಳು ಕೊಳವೆ ಸೇರುವುದಿಲ್ಲ. ಕೆಳಗಿನ ಹಾಸಿನ ಅಂಚಿಗೆ ಕಲ್ಲು ತುಂಬಿ ಧುಮುಕು ಇಲ್ಲದಂತೆ ಮಾಡಬೇಕು. ಹಲಗೆ ಇಳಿಸುವ ತಾರೀಕು, ಎತ್ತುವ ತಾರೀಕು ಬೋರ್ಡಿನ ಮೇಲೆ ಬರೆದಿರಬೇಕು. ಗುತ್ತಿಗೆದಾರನ ಕೊನೆಯ ಬಿಲ್ಲು ಹಲಗೆ ಎತ್ತಿದ ಮೇಲೇ ಪಾಸಾಗಬೇಕು. ಈ ಕೊನೆಯ ಉಪಾಯವೊಂದನ್ನು ಮಾಡಿ ನೋಡಿ, ಮುಂಗಾರಿನ ಮುಂಚೆ ಹಲಗೆಗಳು ತಾವಾಗಿ ಎದ್ದು ದಡಕ್ಕೆ ಬರುತ್ತವೆ.

ಇದಕ್ಕೆಲ್ಲ ಎಷ್ಟು ಖರ್ಚು ಎಂದು ಕೇಳುವವರಿಗೆ ಒಂದು ಮಾತು. ಗೋಡೆ ಕಟ್ಟುವಾಗಲೇ ಬಾಗಿಲು ಇಡುವುದು ಅಗ್ಗ, ಕಟ್ಟಿದ ಮೇಲೆ ಒಡೆದು ಇಡುವುದು ದುಬಾರಿ ಎಂಬುದು ಮನೆ ಕಟ್ಟಿಸಿದ ಯಾರಿಗಾದರೂ ಗೊತ್ತು. ಸರಕಾರಕ್ಕೂ ಗೊತ್ತು. ಹಾಗಾಗಿಯೇ ಅದು ಮೊದಲು ಗೋಡೆ ಕಟ್ಟುತ್ತದೆ. ಎರಡನೆಯ ಟೆಂಡರಿಗೂ ದಾರಿ ಇರಬೇಕಲ್ಲ.

ಆದ್ದರಿಂದ ಹೊನ್ನಳ್ಳಿಯವರಿಗೆ, ಮಂಜಗುಣಿಯವರಿಗೆ, ಅಂಕೋಲೆ–ಕಾರವಾರದ ನಲ್ಲಿಯಡಿ ಬಿಂದಿಗೆ ಇಡುವ ಎಲ್ಲರಿಗೂ ಒಂದು ವಿನಂತಿ. ಹೊಳೆಗೆ ಅಡ್ಡಗಟ್ಟುವ ಯೋಜನೆಯ ನಕ್ಷೆ ನಿಮ್ಮ ಗ್ರಾಮಸಭೆಗೆ ಬಂದರೆ ನೀರು ಬೇಡ ಎನ್ನಬೇಡಿ, ಗಲಾಟೆಯನ್ನೂ ಮಾಡಬೇಡಿ. ಮೂರೇ ಪ್ರಶ್ನೆ ಕೇಳಿ. ಮೀನಿಗೆ ದಾರಿ ನಕ್ಷೆಯಲ್ಲಿ ಎಲ್ಲಿದೆ? ಬೇಸಿಗೆಯಲ್ಲಿ ಗೋಡೆಯ ಕೆಳಗೆ ಎಷ್ಟು ನೀರು ಬಿಡುತ್ತೀರಿ? ಹಲಗೆ ಎತ್ತುವ ತಾರೀಕು ಯಾವುದು, ಎತ್ತದಿದ್ದರೆ ದಂಡ ಯಾರಿಗೆ? ಮೂರಕ್ಕೂ ಉತ್ತರ ಬರಹದಲ್ಲಿ ಬಂದ ಮೇಲೆ ನಡಾವಳಿ ಪುಸ್ತಕಕ್ಕೆ ಸಹಿ ಮಾಡಿ. ಅದಕ್ಕೂ ಮೊದಲು ಪೆನ್ನು ಕೇಳಿದರೆ, ಇಂಕು ಮುಗಿದಿದೆ ಎನ್ನಿ.